ಮೌನದ ಮೂಲವನ್ನು ಅರಸುವ ಕ್ರಮ: ಮೈಕ್ರೋಕಂಟ್ರೋಲರ್ ಮತ್ತು ಮೋಡೆಮ್ ನಡುವಿನ ಮಾತುಕತೆಯನ್ನು ಕುರಿತ ಸಂವಾದ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳ ಅವಧಿಗೆ 944 ಮಿಲಿಮೀಟರ್ ಮಳೆ ದಾಖಲಾಯಿತು; ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 74 ಮಿಲಿಮೀಟರ್ ಮಾತ್ರ. ಒಂದೇ ನಗರದೊಳಗಿನ ಈ ಅಗಾಧ ಅಂತರವು, ಒಂದೆರಡು ಕೇಂದ್ರಗಳ ಅಂಕಿಗಳನ್ನಷ್ಟೇ ನೆಚ್ಚಿಕೊಂಡು ಇಡೀ ಮುಂಬಯಿಗೆ ಪ್ರವಾಹದ ಮುನ್ನೆಚ್ಚರಿಕೆ ನೀಡಲಾಗದೆಂಬುದನ್ನು ಸ್ಪಷ್ಟಪಡಿಸಿತು. ಅನಂತರ ಮಹಾನಗರ ಪಾಲಿಕೆಯು ಅಗ್ನಿಶಾಮಕ ಠಾಣೆಗಳ ಛಾವಣಿಗಳೂ ಸೇರಿದಂತೆ ನಗರದ ಹಲವೆಡೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿತು. ಇಂತಹ ಉಪಕರಣವನ್ನು ಇಂದು ಕಡಿಮೆ ವೆಚ್ಚದಲ್ಲಿ ಕಟ್ಟಬಹುದು: ಮಳೆನೀರು ತುಂಬಿದಾಗಲೆಲ್ಲ ವಾಲಿ ಬರಿದಾಗುವ ಪುಟ್ಟ ಬಟ್ಟಲು, ಆ ವಾಲುವಿಕೆಗಳನ್ನು ಎಣಿಸುವ ಮೈಕ್ರೋಕಂಟ್ರೋಲರ್, ಎಣಿಕೆಯನ್ನು ಮೊಬೈಲ್ ಜಾಲದ ಮೂಲಕ ರವಾನಿಸುವ ಮೋಡೆಮ್, ಇಷ್ಟೇ ಅದರ ಮುಖ್ಯ ಅಂಗಗಳು. ಆದರೆ ಮೈಕ್ರೋಕಂಟ್ರೋಲರ್ ಮತ್ತು ಮೋಡೆಮ್‌ಗಳನ್ನು ಜೋಡಿಸುವ ಎರಡು ತಂತಿಗಳ ಮೇಲೆ ನಡೆಯುವ ಮಾತುಕತೆ ನಿಂತುಹೋದರೆ ಉಳಿದೆಲ್ಲವೂ ವ್ಯರ್ಥವಾಗುತ್ತದೆ.

ಮುಂಬಯಿಯ ಕಾಂದಿವಲಿಯಲ್ಲಿರುವ ಚಾರ್ಕೋಪ್ ಕೈಗಾರಿಕಾ ವಸಾಹತಿನ ಒಂದು ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ಇಂತಹುದೇ ಮೌನವನ್ನು ಕುರಿತು ನಡೆಯುವ ಸಂವಾದ ಇದು. ಒಬ್ಬರು ಉಪಕರಣಗಳ ದುರಸ್ತಿಯಲ್ಲಿ ನುರಿತ ಹಿರಿಯರು. ಇನ್ನೊಬ್ಬ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಹುಟ್ಟಿ ಕಾಂದಿವಲಿಯ ನಡುವೆ ಹರಿಯುವ ಪೊಯಿಸರ್ ನದಿಯ ಬಳಿಯ ವಸತಿ ಸೊಸೈಟಿಯ ಛಾವಣಿಗೆಂದು ಮಳೆಮಾಪಕ ಕಟ್ಟುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿ.

ಕಿರಿಯ: ಸರ್, ಮೋಡೆಮನ್ನು ಲ್ಯಾಪ್‌ಟಾಪಿಗೆ ಜೋಡಿಸಿದಾಗ ಅದು ಸರಿಯಾಗಿ ಉತ್ತರಿಸುತ್ತದೆ, ಅದನ್ನೇ ಮೈಕ್ರೋಕಂಟ್ರೋಲರಿಗೆ ಜೋಡಿಸಿದರೆ ಒಮ್ಮೊಮ್ಮೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಒಮ್ಮೊಮ್ಮೆ ಏನೂ ಬರುವುದಿಲ್ಲ. ಪ್ರೋಗ್ರಾಮನ್ನು ಬಗೆಬಗೆಯಾಗಿ ತಿದ್ದಿದರೂ ಫಲ ಸಿಕ್ಕಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಿಂದ ಇನ್ನೊಂದು ಮೋಡೆಮ್ ತಂದು ನೋಡುವುದು ಸೂಕ್ತವೇ?

ಹಿರಿಯರು: ಬೇಡ, ತಮ್ಮಾ. ಲ್ಯಾಪ್‌ಟಾಪಿಗೆ ಉತ್ತರಿಸುವ ಮೋಡೆಮ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಹೊಸದನ್ನು ತಂದರೂ ಅದೇ ದೋಷ ಮರುಕಳಿಸುತ್ತದೆ, ಜೊತೆಗೆ ಎರಡು ಮೋಡೆಮ್‌ಗಳ ಮೇಲೂ ಅನುಮಾನ ಉಳಿಯುತ್ತದೆ. ಮೊದಲು ಲಕ್ಷಣಗಳನ್ನು ಬೇರ್ಪಡಿಸಬೇಕು. ಸಂಪೂರ್ಣ ಮೌನ, ಅರ್ಥವಿಲ್ಲದ ಅಕ್ಷರ, ಸ್ಪಷ್ಟವಾದ ‘ಎರರ್’ ಎಂಬ ಉತ್ತರ, ಒಮ್ಮೆ ಬಂದು ಮತ್ತೊಮ್ಮೆ ಬಾರದಿರುವ ಉತ್ತರ, ಈ ನಾಲ್ಕೂ ಬೇರೆಬೇರೆ ಕಡೆಗೆ ಕೈತೋರಿಸುತ್ತವೆ. ಮೌನಕ್ಕೆ ತಂತಿ, ವೋಲ್ಟೇಜ್ ಅಥವಾ ವಿದ್ಯುತ್ ಪೂರೈಕೆ ಕಾರಣವಾಗಿರುತ್ತದೆ; ಅರ್ಥವಿಲ್ಲದ ಅಕ್ಷರಕ್ಕೆ ಬಹುಮಟ್ಟಿಗೆ ವೇಗದ ವ್ಯತ್ಯಾಸ ಕಾರಣ; ‘ಎರರ್’ ಬಂದಿದೆಯೆಂದರೆ ತಂತಿಗಳೂ ವೇಗವೂ ಸರಿಯಿದ್ದು, ಕೇಳಿದ ಪ್ರಶ್ನೆಯಲ್ಲಿಯೋ ಸಿಮ್‌ನಲ್ಲಿಯೋ ಜಾಲದಲ್ಲಿಯೋ ತೊಡಕಿದೆಯೆಂದು ಅರ್ಥ. ಆದ್ದರಿಂದ ‘ಎರರ್’ ಕಂಡು ನಿರಾಶರಾಗುವ ಕಾರಣವಿಲ್ಲ, ಅರ್ಧದಷ್ಟು ಅನುಮಾನಗಳನ್ನು ಅದು ಒಂದೇ ಏಟಿಗೆ ತೊಡೆದುಹಾಕುತ್ತದೆ.

ಕಿರಿಯ: ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಹಿರಿಯರು: ಜೋಡಣೆಯನ್ನು ನಡುವೆ ಕತ್ತರಿಸಿ, ಎರಡು ಬದಿಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದರಿಂದ. ಮೋಡೆಮಿನ ಬದಿ ಲ್ಯಾಪ್‌ಟಾಪಿನ ಮೂಲಕ ಈಗಾಗಲೇ ಪರೀಕ್ಷೆಗೊಳಗಾಗಿದೆ. ಮೈಕ್ರೋಕಂಟ್ರೋಲರಿನ ಬದಿಗೆ ಸರಳ ಪರೀಕ್ಷೆಯೊಂದಿದೆ: ಮೋಡೆಮನ್ನು ಕಳಚಿಟ್ಟು, ಕಳುಹಿಸುವ ಪಿನ್ನನ್ನು ಸ್ವೀಕರಿಸುವ ಪಿನ್ನಿಗೇ ಒಂದು ತಂತಿಯಿಂದ ಸೇರಿಸಬೇಕು. ಕಳುಹಿಸಿದ ಅಕ್ಷರ ಅದೇ ರೂಪದಲ್ಲಿ ಮರಳಿದರೆ ಪಿನ್ನುಗಳ ಆಯ್ಕೆ ಮತ್ತು ಪ್ರೋಗ್ರಾಮಿನ ಮೂಲಭಾಗ ಸರಿಯಿವೆ. ಇದಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಎಂದು ಹೆಸರು. ಆದರೆ ಅದಕ್ಕೊಂದು ಮಿತಿಯುಂಟು: ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಉಪಕರಣವು ತಪ್ಪು ವೇಗದಲ್ಲಿ ಮಾತನಾಡಿದರೂ ಅದೇ ತಪ್ಪು ವೇಗದಲ್ಲಿ ಓದಿಕೊಳ್ಳುವುದರಿಂದ, ವೇಗದ ದೋಷ ಈ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ.

ಕಿರಿಯ: ಆ ಪರೀಕ್ಷೆಯಲ್ಲಿ ಅಕ್ಷರಗಳು ಸರಿಯಾಗಿಯೇ ಮರಳಿದವು. ಹಾಗಿದ್ದರೆ ಎರಡೂ ಬದಿ ಸರಿಯಿದ್ದು ಜೋಡಿಸಿದಾಗ ಮಾತ್ರ ಕೆಡುವುದು ಹೇಗೆ?

ಹಿರಿಯರು: ದೋಷ ಗಡಿಯಲ್ಲಿರುವಾಗ ಹೀಗೆಯೇ ಆಗುತ್ತದೆ. ಮೊದಲು ಮೂರು ತಂತಿಗಳನ್ನು ನೋಡಬೇಕು. ಒಂದರ ಕಳುಹಿಸುವ ಪಿನ್ನು ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಬೇಕು. ಆದರೆ ಕೆಲವು ಬೋರ್ಡುಗಳಲ್ಲಿ ಪಿನ್ನುಗಳ ಹೆಸರನ್ನು ಎದುರು ಬದಿಯ ದೃಷ್ಟಿಯಿಂದ ಮುದ್ರಿಸಿರುತ್ತಾರೆ. ಇದು ಮೋಡೆಮ್‌ಗಳ ಹಳೆಯ ಸಂಪ್ರದಾಯದಿಂದ ಬಂದದ್ದು: 1960ರಲ್ಲಿ ರೂಪುಗೊಂಡ ಆರ್‌ಎಸ್-232 ಮಾನಕದಲ್ಲಿ ತಂತಿಗಳಿಗೆಲ್ಲ ಟರ್ಮಿನಲ್ಲಿನ ದೃಷ್ಟಿಯಿಂದ ಹೆಸರಿಟ್ಟದ್ದರಿಂದ, ‘ಕಳುಹಿಸುವ’ ತಂತಿಯೆಂಬುದು ಮೋಡೆಮಿನ ಪಾಲಿಗೆ ಒಳಬರುವ ತಂತಿಯೇ ಆಗಿತ್ತು. ಆದ್ದರಿಂದ ಹೆಸರನ್ನು ನಂಬದೆ ಅಳೆದು ನೋಡುವುದು ಲೇಸು. ಮಾತಿಲ್ಲದೆ ಬಿಡುವಾಗಿರುವ ವೇಳೆಯಲ್ಲಿ ಕಳುಹಿಸುವ ಪಿನ್ನು ತನ್ನ ಪೂರ್ಣ ವೋಲ್ಟೇಜಿನಲ್ಲಿ ನಿಂತಿರುತ್ತದೆ. ಮೂರನೆಯದು ಗ್ರೌಂಡ್ ತಂತಿ. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ಅಂತರವಾದ್ದರಿಂದ, ಎರಡೂ ಬದಿಗೆ ಸಮಾನವಾದ ಗ್ರೌಂಡ್ ಇಲ್ಲದಿದ್ದರೆ ಒಂದು ಬದಿ ‘ಒಂದು’ ಎಂದು ಕಳುಹಿಸಿದ್ದನ್ನು ಇನ್ನೊಂದು ಬದಿ ಅಳೆಯುವುದಕ್ಕೆ ಆಧಾರವೇ ಇರುವುದಿಲ್ಲ.

ಕಿರಿಯ: ಈ ಮೂರೂ ಸರಿಯಿವೆ. ಮೈಕ್ರೋಕಂಟ್ರೋಲರ್ 5 ವೋಲ್ಟಿನಲ್ಲಿ ನಡೆಯುವ ಎಟಿಮೆಗಾ328ಪಿ. ಮೋಡೆಮ್ ಸಿಮ್800 ಬಗೆಯದು.

ಹಿರಿಯರು: ತೊಡಕಿನ ಮೊದಲ ಸುಳಿವು ಅಲ್ಲಿಯೇ ಇದೆ. ಆ ಮೋಡೆಮ್ ‘ಒಂದು’ ಎಂಬುದನ್ನು ಸೂಚಿಸಲು ಹೆಚ್ಚೆಂದರೆ 2.8 ವೋಲ್ಟ್ ನೀಡುತ್ತದೆ. ಎಟಿಮೆಗಾ328ಪಿಯ ದತ್ತಪತ್ರದ ಪ್ರಕಾರ, ಪೂರೈಕೆಯ ವೋಲ್ಟೇಜಿನ ಹತ್ತರಲ್ಲಿ ಆರು ಭಾಗಕ್ಕಿಂತ ಮೇಲಿರುವುದನ್ನು ಮಾತ್ರ ಅದು ‘ಒಂದು’ ಎಂದು ಖಚಿತವಾಗಿ ಗ್ರಹಿಸುತ್ತದೆ. 5 ವೋಲ್ಟಿಗೆ ಅದು 3.0. ಹತ್ತರಲ್ಲಿ ಮೂರು ಭಾಗಕ್ಕಿಂತ ಕೆಳಗಿನದನ್ನು, ಅಂದರೆ 1.5ಕ್ಕಿಂತ ಕಡಿಮೆಯಾದುದನ್ನು ‘ಸೊನ್ನೆ’ ಎಂದು ಗ್ರಹಿಸುತ್ತದೆ. ನಡುವಿನ ಪ್ರದೇಶದ ಬಗ್ಗೆ ತಯಾರಕರು ಯಾವ ಭರವಸೆಯನ್ನೂ ಕೊಡುವುದಿಲ್ಲ. 2.8 ವೋಲ್ಟ್ ಬೀಳುವುದು ಆ ನಡುವಿನ ಪ್ರದೇಶದಲ್ಲಿ.

ಕಿರಿಯ: ಆದರೆ ಇದೇ ಜೋಡಣೆ ಎಷ್ಟೋ ಜನರಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆಯಲ್ಲ, ಸರ್?

ಹಿರಿಯರು: ಮಾಡುತ್ತದೆ, ಏಕೆಂದರೆ ಸಾಮಾನ್ಯವಾಗಿ ಚಿಪ್ಪಿನ ನಿಜವಾದ ಹೊಸ್ತಿಲು ಪೂರೈಕೆಯ ಅರ್ಧದ ಆಸುಪಾಸಿನಲ್ಲಿರುತ್ತದೆ. ಮೇಜಿನ ಮೇಲೆ ನಡೆದದ್ದು ಛಾವಣಿಯ ಮೇಲೆ ನಿಲ್ಲುವುದು ಇಂತಹ ಸಂದರ್ಭಗಳಲ್ಲಿಯೇ: ತಾಪಮಾನ ಬದಲಾದಾಗ, ಪೂರೈಕೆ ತುಸು ಏರಿದಾಗ, ಸಮುದ್ರದ ಉಪ್ಪುಗಾಳಿಯ ತೇವಕ್ಕೆ ಜಂಪರ್ ತಂತಿಯ ತುದಿ ಕಿಲುಬು ಹಿಡಿದಾಗ, ಉಳಿದಿದ್ದ ಅಲ್ಪ ಅಂತರವೂ ಕರಗಿಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿ ನಡೆದದ್ದಕ್ಕೂ ಇಲ್ಲಿಯೇ ವಿವರಣೆಯಿದೆ. ನಡುವೆ ಬಳಸಿದ ಯುಎಸ್‌ಬಿ ಪರಿವರ್ತಕದಲ್ಲಿ ಸಿಪಿ2102ರಂತಹ ಚಿಪ್ ಇದ್ದರೆ ಅದಕ್ಕೆ 2.0 ವೋಲ್ಟ್ ಸಾಕು. ಅಂದರೆ ಲ್ಯಾಪ್‌ಟಾಪಿನ ಪರೀಕ್ಷೆ ಮೋಡೆಮ್ ಜೀವಂತವಾಗಿದೆಯೆಂಬುದನ್ನು ಸಾಬೀತುಪಡಿಸಿತೇ ಹೊರತು, ಅದರ ದನಿ ಮೈಕ್ರೋಕಂಟ್ರೋಲರಿಗೆ ಕೇಳಿಸುತ್ತದೆಯೆಂಬುದನ್ನಲ್ಲ.

ಕಿರಿಯ: ಇದಕ್ಕೆ ಪರಿಹಾರವೇನು?

ಹಿರಿಯರು: ಎರಡು ದಿಕ್ಕುಗಳಿಗೂ ಬೇರೆಬೇರೆ ಪರಿಹಾರ ಬೇಕು. ಮೈಕ್ರೋಕಂಟ್ರೋಲರಿನ 5 ವೋಲ್ಟ್ ನೇರವಾಗಿ ಮೋಡೆಮಿಗೆ ಹೋದರೆ ಅದಕ್ಕೆ ಹಾನಿಯಾಗುತ್ತದೆ. 10 ಕಿಲೋಓಮ್ ಮತ್ತು 12 ಕಿಲೋಓಮ್‌ಗಳ ಎರಡು ರೆಸಿಸ್ಟರ್‌ಗಳಿಂದ ಅದನ್ನು ಭಾಗಿಸಿದರೆ ಸುಮಾರು 2.7 ವೋಲ್ಟ್ ದೊರೆಯುತ್ತದೆ. ಎದುರು ದಿಕ್ಕಿನಲ್ಲಿ ರೆಸಿಸ್ಟರ್‌ಗಳು ವೋಲ್ಟೇಜನ್ನು ಏರಿಸಲಾರವು. ಅಲ್ಲಿ 74ಎಚ್‌ಸಿಟಿ125ರಂತಹ ಬಫರ್ ಚಿಪ್ ಬೇಕು, ಅದು 5 ವೋಲ್ಟಿನಲ್ಲಿ ನಡೆಯುತ್ತಿದ್ದರೂ 2.0 ವೋಲ್ಟಿಗಿಂತ ಮೇಲಿನದನ್ನು ‘ಒಂದು’ ಎಂದು ಸ್ವೀಕರಿಸಿ ಪೂರ್ಣ 5 ವೋಲ್ಟಿನಲ್ಲಿ ಮುಂದೆ ಸಾಗಿಸುತ್ತದೆ. ಮುಂದೆ 4ಜಿ ಮೋಡೆಮಿಗೆ ಹೋಗುವುದಾದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅವುಗಳಲ್ಲಿ ಹಲವು 1.8 ವೋಲ್ಟಿನಲ್ಲಿ ಮಾತನಾಡುತ್ತವೆ. ಮೈಕ್ರೋಕಂಟ್ರೋಲರನ್ನು 3.3 ವೋಲ್ಟಿಗೆ ಇಳಿಸಿದರೂ ಅದರ ಹೊಸ್ತಿಲು 1.98 ಆಗಿರುವುದರಿಂದ, ನಡುವೆ ಮಟ್ಟ ಬದಲಿಸುವ ಚಿಪ್ ಇಲ್ಲದೆ ಆ ಮೋಡೆಮಿನ ಮಾತು ತಲುಪುವುದಿಲ್ಲ.

ಕಿರಿಯ: ಮೌನಕ್ಕೆ ಇದು ಕಾರಣವೆಂದು ಒಪ್ಪಬಹುದು. ಅರ್ಥವಿಲ್ಲದ ಅಕ್ಷರಗಳು?

ಹಿರಿಯರು: ಅದಕ್ಕೆ ಈ ಸಂವಹನದ ಸ್ವರೂಪವನ್ನು ತಿಳಿಯಬೇಕು. ಇಲ್ಲಿ ವೇಗವನ್ನು ಸೂಚಿಸುವ ಪ್ರತ್ಯೇಕ ತಂತಿಯಿಲ್ಲ. ಒಂದೇ ತಾಳವನ್ನು ತಮ್ಮತಮ್ಮ ತೊಡೆಯ ಮೇಲೆ ಹಾಕಿಕೊಂಡು ಹಾಡುವ ಇಬ್ಬರು ಗಾಯಕರಂತೆ, ಎರಡೂ ಬದಿಗಳು ತಮ್ಮ ಗಡಿಯಾರವನ್ನೇ ನೆಚ್ಚಿಕೊಂಡಿರುತ್ತವೆ. ತಂತಿಯ ವೋಲ್ಟೇಜ್ ಮೇಲಿನಿಂದ ಕೆಳಗಿಳಿದ ಕ್ಷಣವೇ ಆರಂಭದ ಬಿಟ್. ಅಲ್ಲಿಂದ ಎಣಿಸಿಕೊಂಡು ಎಂಟು ಬಿಟ್‌ಗಳನ್ನು ಒಂದೊಂದರ ನಟ್ಟನಡುವೆ ಓದಿ, ಕೊನೆಗೆ ಅಂತ್ಯದ ಬಿಟ್ ಬಂದಿತೇ ಎಂದು ನೋಡಬೇಕು. ಒಂದು ಸೆಕೆಂಡಿಗೆ ಎಷ್ಟು ಬಿಟ್‌ಗಳೆಂಬುದೇ ಬಾಡ್ ದರ. 9600 ಬಾಡ್‌ನಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತದೆ. 115200ರಲ್ಲಿ ಸುಮಾರು 8.7 ಮಾತ್ರ. ಕೊನೆಯ ಬಿಟ್ಟನ್ನು ಓದುವುದು ಆರಂಭದಿಂದ ಒಂಬತ್ತೂವರೆ ಬಿಟ್‌ಗಳ ನಂತರ. ಅಷ್ಟರಲ್ಲಿ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಅರ್ಧ ಬಿಟ್ ದಾಟಿದರೆ ಓದು ಕೆಡುತ್ತದೆ. ಅಂದರೆ ಎರಡೂ ಬದಿ ಸೇರಿ ಶೇಕಡಾ 5ರ ಒಳಗಿರಬೇಕು. ಒಂದೊಂದು ಬದಿಗೆ ಶೇಕಡಾ 2 ಸುರಕ್ಷಿತ ಮಿತಿ.

ಕಿರಿಯ: ಬೋರ್ಡಿನಲ್ಲಿ 16 ಮೆಗಾಹರ್ಟ್ಸ್‌ನ ಹರಳು ಇದೆ. ಅಷ್ಟು ನಿಖರವಾದ ಗಡಿಯಾರವಿದ್ದೂ ವೇಗ ತಪ್ಪಬಹುದೇ?

ಹಿರಿಯರು: ಹರಳು ನಿಖರವಾಗಿದ್ದರೂ ಅದನ್ನು ಪೂರ್ಣಾಂಕದಿಂದಲೇ ಭಾಗಿಸಬೇಕಾಗುತ್ತದೆ. 115200 ಪಡೆಯಲು 16 ಮೆಗಾಹರ್ಟ್ಸನ್ನು ಎಂಟರಿಂದಲೂ ಅನಂತರ 17.36ರಿಂದಲೂ ಭಾಗಿಸಬೇಕು, 17.36 ಪೂರ್ಣಾಂಕವಲ್ಲದ್ದರಿಂದ 17ನ್ನು ಬಳಸಿದಾಗ ದೊರೆಯುವ ವೇಗ 117647, ಅಂದರೆ ಶೇಕಡಾ 2.1 ಹೆಚ್ಚು. 9600ರಲ್ಲಿ ಈ ತಪ್ಪು ಶೇಕಡಾ 0.2ರಷ್ಟು ಮಾತ್ರ. ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯಿದೆ: ಮೋಡೆಮಿಗೆ ಯಾವ ಪಿನ್ನುಗಳನ್ನು ಬಳಸಲಾಗಿದೆ?

ಕಿರಿಯ: ಚಿಪ್ಪಿನ ಒಂದೇ ಒಂದು ಸೀರಿಯಲ್ ಘಟಕ ಲ್ಯಾಪ್‌ಟಾಪಿನೊಂದಿಗೆ ಮಾತನಾಡಲು ಬಳಕೆಯಾಗಿರುವುದರಿಂದ, ಮೋಡೆಮಿಗೆ ಸಾಫ್ಟ್‌ವೇರ್ ಸೀರಿಯಲ್ ಬಳಸಲಾಗಿದೆ, ವೇಗ 115200.

ಹಿರಿಯರು: ಸಾಫ್ಟ್‌ವೇರ್ ಸೀರಿಯಲ್ ಎಂದರೆ ಯಂತ್ರಾಂಶದ ಘಟಕ ಮಾಡಬೇಕಾದ ಎಣಿಕೆಯನ್ನು ಪ್ರೋಗ್ರಾಮೇ ಮಾಡುವ ಏರ್ಪಾಡು. ಆ ವೇಗದಲ್ಲಿ ಒಂದು ಬಿಟ್ಟಿಗೆ ಸಿಗುವುದು ಚಿಪ್ಪಿನ ಗಡಿಯಾರದ ಸುಮಾರು 139 ಮಿಡಿತಗಳು. ಆರಂಭದ ಬಿಟ್ ಬಂದ ಕ್ಷಣದಲ್ಲಿಯೇ, ಮಿಲಿಸೆಕೆಂಡುಗಳನ್ನು ಎಣಿಸುವ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ತುರ್ತು ಕೆಲಸ, ನಡೆಯುತ್ತಿದ್ದರೆ ಎಣಿಕೆ ಐದಾರು ಮೈಕ್ರೋಸೆಕೆಂಡ್ ತಡವಾಗಿ ಆರಂಭವಾಗುತ್ತದೆ. ಅರ್ಧ ಬಿಟ್ ಎಂದರೆ 4.3 ಮೈಕ್ರೋಸೆಕೆಂಡ್ ಆದ್ದರಿಂದ ಆ ಅಕ್ಷರ ಕೆಡುತ್ತದೆ. 9600ರಲ್ಲಿ ಅರ್ಧ ಬಿಟ್ 52 ಮೈಕ್ರೋಸೆಕೆಂಡ್ ಇರುವುದರಿಂದ ಅದೇ ತಡ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪಿನಿಂದ ಮೋಡೆಮಿಗೆ ‘ಎಟಿ+ಐಪಿಆರ್=9600’ ಎಂಬ ಆದೇಶ ಕೊಟ್ಟು, ‘ಎಟಿ&ಡಬ್ಲ್ಯು’ ಎಂಬುದರಿಂದ ಅದನ್ನು ಸ್ಮೃತಿಯಲ್ಲಿ ಉಳಿಸಬೇಕು. ಒಂದು ಮಳೆಯ ವರದಿ ನೂರು ಅಕ್ಷರಗಳನ್ನು ಮೀರುವುದಿಲ್ಲ. 9600ರಲ್ಲಿ ಸೆಕೆಂಡಿಗೆ 960 ಅಕ್ಷರಗಳು ಸಾಗುವಾಗ ಹೆಚ್ಚಿನ ವೇಗದ ಅಗತ್ಯವೇ ಇಲ್ಲ.

ಕಿರಿಯ: ಈಗ ಉತ್ತರ ಸ್ಪಷ್ಟವಾಗಿ ಬರುತ್ತಿದೆ. ಆದರೆ ಸಂದೇಶ ಕಳುಹಿಸಲು ಹೊರಟ ಕೂಡಲೇ ಮೋಡೆಮ್ ತನ್ನಷ್ಟಕ್ಕೆ ಮರುಆರಂಭವಾಗುತ್ತದೆ. ಮಲ್ಟಿಮೀಟರಿನಲ್ಲಿ ಪೂರೈಕೆಯ ವೋಲ್ಟೇಜ್ 3.9ಕ್ಕಿಂತ ಕೆಳಗಿಳಿಯುವುದೇ ಇಲ್ಲ.

ಹಿರಿಯರು: ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು. 2ಜಿ ಮೋಡೆಮ್ ಸದಾ ಪ್ರಸಾರ ಮಾಡುವುದಿಲ್ಲ, ಪ್ರತಿ 4.6 ಮಿಲಿಸೆಕೆಂಡಿಗೊಮ್ಮೆ 0.577 ಮಿಲಿಸೆಕೆಂಡಿನಷ್ಟು ಕಾಲ, ಅಂದರೆ ಎಂಟರಲ್ಲಿ ಒಂದು ಪಾಲು ಸಮಯ, ಅದು ಪ್ರಸಾರ ಮಾಡುತ್ತದೆ, ಆಗ 2 ಆಂಪಿಯರ್‌ವರೆಗೂ ವಿದ್ಯುತ್ತನ್ನು ಸೆಳೆಯಬಲ್ಲದು. ಬ್ರೆಡ್‌ಬೋರ್ಡಿನ ತೆಳು ತಂತಿಗಳಲ್ಲಿ ಒಟ್ಟು 0.35 ಓಮ್ ರೋಧವಿದ್ದರೂ 0.7 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, 4.0 ವೋಲ್ಟ್ ಕೊಟ್ಟಿದ್ದರೆ ಮೋಡೆಮಿಗೆ ತಲುಪುವುದು 3.3, ಅದಕ್ಕೆ ಬೇಕಾದ ಕನಿಷ್ಠ ಮಟ್ಟ 3.4. ಈ ಕುಸಿತ ಎಂಟರಲ್ಲಿ ಒಂದು ಪಾಲು ಸಮಯ ಮಾತ್ರ ಇರುವುದರಿಂದ ಮೀಟರ್ 3.9 ಎಂದೇ ತೋರಿಸುತ್ತದೆ. ಇದನ್ನು ಕಾಣಲು ಆಸಿಲೋಸ್ಕೋಪ್ ಬೇಕು, ಅದರ ತುದಿಯನ್ನು ಮೋಡೆಮಿನ ಪಿನ್ನಿನ ಮೇಲೆಯೇ ಇಡಬೇಕು.

ಕಿರಿಯ: ದೊಡ್ಡ ಕೆಪಾಸಿಟರ್ ಹಾಕಿದರೆ ಸಾಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ.

ಹಿರಿಯರು: ಲೆಕ್ಕ ಹಾಕಿ ನೋಡೋಣ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ 1 ಆಂಪಿಯರನ್ನು 0.577 ಮಿಲಿಸೆಕೆಂಡ್ ಕಾಲ ಒದಗಿಸಬೇಕಾದರೆ ಅದರ ವೋಲ್ಟೇಜ್ 0.58 ಇಳಿಯುತ್ತದೆ. ಆದ್ದರಿಂದ ಕೆಪಾಸಿಟರ್ ಸಹಾಯಕ ಮಾತ್ರ. ದಪ್ಪನೆಯ, ಗಿಡ್ಡನೆಯ, ಬೆಸುಗೆ ಹಾಕಿದ ತಂತಿ ಮತ್ತು 2 ಆಂಪಿಯರ್ ಕೊಡಬಲ್ಲ ಪೂರೈಕೆ, ಇವೇ ಮುಖ್ಯ ಚಿಕಿತ್ಸೆ.

ಕಿರಿಯ: ತಂತಿ ಬದಲಿಸಿದ ಮೇಲೆ ಮರುಆರಂಭ ನಿಂತಿದೆ. ಇನ್ನು ಉಳಿದದ್ದು ಪ್ರೋಗ್ರಾಮ್. ‘ಎಟಿ’ ಕಳುಹಿಸಿ, ‘ಓಕೆ’ ಬಂದಿತೇ ಎಂದು ನೋಡಿ, ಮುಂದಿನ ಆದೇಶಕ್ಕೆ ಹೋಗುವುದು ಅದರ ಕ್ರಮ. ಕೆಲವೊಮ್ಮೆ ಅದು ನಡುವೆ ಸಿಕ್ಕಿಕೊಳ್ಳುತ್ತದೆ.

ಹಿರಿಯರು: ಈ ಆದೇಶಗಳ ಪದ್ಧತಿ 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದದ್ದು, ‘ಎಟಿ’ ಎಂದರೆ ಗಮನ ಸೆಳೆಯುವ ಕರೆ. ಮೊಬೈಲ್ ಮೋಡೆಮ್‌ಗಳಿಗೆ ಅದನ್ನು ವಿಸ್ತರಿಸಿದವರು ಜಾಲದ ಮಾನಕಗಳನ್ನು ರೂಪಿಸಿದವರು. ಅದರಲ್ಲಿ ಕೆಲವು ನಿಯಮಗಳನ್ನು ಮರೆಯುವಂತಿಲ್ಲ. ಆದೇಶ 13ನೆಯ ಸಂಕೇತಾಕ್ಷರದಿಂದ ಮುಗಿಯಬೇಕು. ಮೋಡೆಮ್ ತಾನು ಕೇಳಿಸಿಕೊಂಡ ಆದೇಶವನ್ನೇ ಮೊದಲು ಪ್ರತಿಧ್ವನಿಸುತ್ತದೆ. ‘ಎಟಿಇ0’ ಎಂದು ಹೇಳಿ ಅದನ್ನು ನಿಲ್ಲಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೋಡೆಮ್ ಕೇಳದೆಯೂ ಮಾತನಾಡುತ್ತದೆ: ಹೊಸ ಸಂದೇಶ ಬಂದಿದೆ, ವೋಲ್ಟೇಜ್ ಕುಸಿದಿದೆ ಎಂಬಂತಹ ಸೂಚನೆಗಳು ಆದೇಶಕ್ಕೂ ಅದರ ಉತ್ತರಕ್ಕೂ ನಡುವೆ ನುಸುಳಬಹುದು. ಮುಂದಿನ ಸಾಲು ‘ಓಕೆ’ಯೇ ಆಗಿರಬೇಕೆಂದು ನಿರೀಕ್ಷಿಸುವ ಪ್ರೋಗ್ರಾಮ್ ಅಲ್ಲಿ ಸೋಲುತ್ತದೆ. ಬಂದದ್ದನ್ನು ಸಾಲುಸಾಲಾಗಿ ಓದಿ, ಇದು ಉತ್ತರವೋ ತಾನಾಗಿ ಬಂದ ಸೂಚನೆಯೋ ಎಂದು ವಿಂಗಡಿಸುವುದು ಸರಿಯಾದ ಮಾರ್ಗ.

ಕಿರಿಯ: ಇನ್ನೊಂದು ವಿಚಿತ್ರವಿದೆ. ಮೈಕ್ರೋಕಂಟ್ರೋಲರನ್ನು ಮಾತ್ರ ಮರುಆರಂಭಿಸಿದರೆ ಕೆಲವೊಮ್ಮೆ ಮೋಡೆಮ್ ‘ಎಟಿ’ಗೆ ಉತ್ತರಿಸುವುದೇ ಇಲ್ಲ, ಅದರ ದೀಪ ಮಾತ್ರ ಮೂರು ಸೆಕೆಂಡಿಗೊಮ್ಮೆ ಮಿನುಗುತ್ತಿರುತ್ತದೆ.

ಹಿರಿಯರು: ಆ ಮಿನುಗು ಅದು ಜಾಲದಲ್ಲಿ ನೋಂದಾಯಿತವಾಗಿದೆಯೆಂಬುದರ ಗುರುತು, ಆದ್ದರಿಂದ ಮೋಡೆಮ್ ಸತ್ತಿಲ್ಲ. ಸಂದೇಶ ಕಳುಹಿಸುವ ಕ್ರಮವನ್ನು ನೆನೆಯಬೇಕು: ‘ಎಟಿ+ಸಿಎಂಜಿಎಸ್’ ಆದೇಶ ಕೊಟ್ಟ ಮೇಲೆ ಮೋಡೆಮ್ ಬಾಣದ ಚಿಹ್ನೆ ತೋರಿಸಿ ಸಂದೇಶಕ್ಕಾಗಿ ಕಾಯುತ್ತದೆ, 26ನೆಯ ಸಂಕೇತಾಕ್ಷರ ಬಂದಾಗ ಮಾತ್ರ ಸಂದೇಶ ಮುಗಿಯಿತೆಂದು ತಿಳಿಯುತ್ತದೆ. ಆ ನಡುವೆ ಮೈಕ್ರೋಕಂಟ್ರೋಲರ್ ಮರುಆರಂಭವಾದರೆ, ಅದು ಹೊಸದಾಗಿ ಕಳುಹಿಸುವ ‘ಎಟಿ’ಗಳೆಲ್ಲವೂ ಮೋಡೆಮಿನ ದೃಷ್ಟಿಯಲ್ಲಿ ಸಂದೇಶದ ಪಠ್ಯವೇ. ಆದ್ದರಿಂದ ಪ್ರೋಗ್ರಾಮಿನ ಆರಂಭದಲ್ಲಿ 27ನೆಯ ಸಂಕೇತಾಕ್ಷರವನ್ನು, ಅಂದರೆ ರದ್ದುಪಡಿಸುವ ಅಕ್ಷರವನ್ನು ಕಳುಹಿಸಿ, ಅನಂತರ ‘ಎಟಿ’ ಎನ್ನಬೇಕು.

ಕಿರಿಯ: ಇಷ್ಟಾದರೂ ಸಂದೇಶ ಹೋಗದಿದ್ದರೆ?

ಹಿರಿಯರು: ಆಗ ತಂತಿಯನ್ನು ಬಿಟ್ಟು ಜಾಲದ ಕಡೆಗೆ ತಿರುಗಬೇಕು. ‘ಎಟಿ+ಸಿಪಿಐಎನ್?’ ಎಂಬುದು ಸಿಮ್ ಸಿದ್ಧವಿದೆಯೇ ಎಂಬುದನ್ನು ತಿಳಿಸುತ್ತದೆ. ‘ಎಟಿ+ಸಿಎಸ್‌ಕ್ಯು’ ಸಂಕೇತದ ಬಲವನ್ನು 0ಯಿಂದ 31ರವರೆಗಿನ ಅಂಕಿಯಲ್ಲಿ ಕೊಡುತ್ತದೆ. 99 ಬಂದರೆ ಬಲ ತಿಳಿಯದೆಂದು ಅರ್ಥ. ‘ಎಟಿ+ಸಿಆರ್‌ಇಜಿ?’ ಎಂಬುದಕ್ಕೆ ಬರುವ ಉತ್ತರದ ಎರಡನೆಯ ಅಂಕಿ 1 ಅಥವಾ 5 ಆಗಿದ್ದರೆ ನೋಂದಣಿಯಾಗಿದೆ, 2 ಆಗಿದ್ದರೆ ಹುಡುಕುತ್ತಿದೆ, 3 ಆಗಿದ್ದರೆ ಜಾಲ ನಿರಾಕರಿಸಿದೆ. 2ಜಿ ಮಾತ್ರ ಬಲ್ಲ ಸಿಮ್800ಕ್ಕೆ ಜಿಯೊ ಸಿಮ್ ಹಾಕಿದರೆ ನೋಂದಣಿ ಎಂದಿಗೂ ಆಗದು, ಏಕೆಂದರೆ ಆ ಸಂಸ್ಥೆ 2ಜಿ ಜಾಲವನ್ನೇ ಹೊಂದಿಲ್ಲ. ‘ಎಟಿ+ಸಿಎಂಇಇ=2’ ಎಂದು ಮೊದಲೇ ಹೇಳಿಟ್ಟರೆ ಬರಿಯ ‘ಎರರ್’ಗೆ ಬದಲಾಗಿ ಕಾರಣವನ್ನೂ ಮೋಡೆಮ್ ತಿಳಿಸುತ್ತದೆ.

ಕಿರಿಯ: ಮೇಜಿನ ಮೇಲೆ ಪ್ರಶ್ನೆ ಕೇಳಲು ಮನುಷ್ಯನಿರುತ್ತಾನೆ. ಛಾವಣಿಯ ಮೇಲೆ, ಮಳೆಯ ನಡುವೆ, ಯಾರು ಕೇಳಬೇಕು ಸರ್?

ಹಿರಿಯರು: ಪ್ರೋಗ್ರಾಮೇ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ಈ ಸಂವಾದದ ತಿರುಳೂ ಅದೇ. ಪ್ರತಿಯೊಂದು ಕಾಯುವಿಕೆಗೂ ಒಂದು ಕೊನೆಯಿರಬೇಕು: ಬರಿಯ ‘ಎಟಿ’ಗೆ ಒಂದು ಸೆಕೆಂಡ್ ಸಾಕು, ಸಂದೇಶ ಕಳುಹಿಸುವುದಕ್ಕೆ 60 ಸೆಕೆಂಡ್‌ವರೆಗೂ ಬೇಕಾಗಬಹುದು. ಆ ಅವಧಿ ಮೀರಿದಾಗ ಯಾವ ಹಂತದಲ್ಲಿ ಸೋಲಾಯಿತು, ಆಗ ಸಂಕೇತದ ಬಲವೆಷ್ಟಿತ್ತು, ಪೂರೈಕೆಯ ವೋಲ್ಟೇಜ್ ಎಷ್ಟಿತ್ತು ಎಂಬುದನ್ನು ಶಾಶ್ವತ ಸ್ಮೃತಿಯಲ್ಲಿ ದಾಖಲಿಸಿ, ಮತ್ತೆ ಪ್ರಯತ್ನಿಸಿ, ಕೊನೆಗೆ ಮೋಡೆಮಿನ ವಿದ್ಯುತ್ತನ್ನೇ ಕಡಿದು ಪುನಃ ಕೊಡುವ ವ್ಯವಸ್ಥೆ ಇರಬೇಕು. ರವಾನೆಯಾಗದ ಮಳೆಯ ಅಂಕಿಗಳನ್ನು ಅವುಗಳ ವೇಳೆಯೊಡನೆ ಉಳಿಸಿಕೊಂಡು, ಸಂಪರ್ಕ ಮರಳಿದಾಗ ಕಳುಹಿಸಬೇಕು. ಮಳೆ ಅತ್ಯಂತ ಬಿರುಸಾಗಿರುವ ಗಂಟೆಯಲ್ಲಿಯೇ ವಿದ್ಯುತ್ತು ಹೋಗುವ, ತೇವ ನುಗ್ಗುವ, ಜಾಲ ದಟ್ಟಣೆಗೊಳಗಾಗುವ ಸಾಧ್ಯತೆ ಹೆಚ್ಚು. ಪೊಯಿಸರ್ ದಂಡೆಯವರಿಗೆ ಅಂಕಿ ಅತ್ಯಗತ್ಯವಾಗುವುದೂ ಅದೇ ಗಂಟೆಯಲ್ಲಿ.

ಕಿರಿಯ: ಅಂತಹ ಗಂಟೆಗೆ ಉಪಕರಣ ಸಿದ್ಧವಾಗಿದೆಯೆಂದು ಮುಂಚಿತವಾಗಿ ತಿಳಿಯುವುದು ಹೇಗೆ?

ಹಿರಿಯರು: ದೋಷಗಳನ್ನು ಬೇಕೆಂದೇ ಉಂಟುಮಾಡಿ. ಮುಂಬಯಿಗೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 11. ಮೇ ತಿಂಗಳಲ್ಲಿಯೇ ಇದೇ ಮೇಜಿನ ಮೇಲೆ ಆಂಟೆನಾವನ್ನು ಲೋಹದ ಡಬ್ಬಿಯಲ್ಲಿ ಮುಚ್ಚಿ, ಸಿಮ್ಮನ್ನು ತೆಗೆದು, ಪೂರೈಕೆಯನ್ನು 3.3 ವೋಲ್ಟಿಗೆ ಇಳಿಸಿ, ಸ್ವೀಕರಿಸುವ ತಂತಿಯನ್ನು ಕಳಚಿ, ಸಂದೇಶದ ನಡುವೆ ಮೈಕ್ರೋಕಂಟ್ರೋಲರನ್ನು ಮರುಆರಂಭಿಸಿ, ಒಂದೊಂದಾಗಿ ನೋಡಬೇಕು. ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಬಾರಿಯೂ ದಾಖಲೆಯಲ್ಲಿ ಸರಿಯಾದ ಕಾರಣ ಬರೆದಿದೆಯೇ, ದೋಷ ನಿವಾರಿಸಿದಾಗ ಉಪಕರಣ ತಾನಾಗಿ ಚೇತರಿಸಿಕೊಂಡು ಉಳಿದ ಅಂಕಿಗಳನ್ನೆಲ್ಲ ಕಳುಹಿಸಿದೆಯೇ ಎಂದು ಪರಿಶೀಲಿಸಬೇಕು. ತನ್ನ ಸೋಲಿನ ಕಾರಣವನ್ನು ತಾನೇ ಹೇಳಬಲ್ಲ ಉಪಕರಣವನ್ನು ಮಾತ್ರ ಛಾವಣಿಗೆ ಏರಿಸಬೇಕು; ಅಲ್ಲಿಯವರೆಗೆ ಅದರ ಕೆಲಸ ಮುಗಿದಿದೆಯೆಂದು ತಿಳಿಯಬಾರದು.